ಪಂದಳದ ತಂದೆಗೂ ಭಯವಿತ್ತು

ಸ್ವಾಮಿಯೇ ಶರಣಂ ಅಯ್ಯಪ್ಪ.



1999, ಕಾರ್ಗಿಲ್ ಯುದ್ಧದ ದಿನಗಳು. ಪುಣೆಯಲ್ಲಿ ನಮ್ಮ ಶನಿವಾರದ ಭಜನೆಗೆ ಒಬ್ಬ ತಾಯಿ ಬರುತ್ತಿದ್ದರು. ಮಗ ಯುದ್ಧಭೂಮಿಯಲ್ಲಿದ್ದ. ಆಗ ಈಗಿನಂತೆ ಕೈಯಲ್ಲಿ ಮೊಬೈಲ್ ಇರಲಿಲ್ಲ. ಊರಿನ ಹೆಸರೇ ಇಲ್ಲದ '56 ಎಪಿಒ' ವಿಳಾಸಕ್ಕೆ ಕಾಗದ ಬರೆದು ಕಾಯಬೇಕು. ಟಿವಿ ಹಾಕಿದರೆ ತೋಲೋಲಿಂಗ್, ಟೈಗರ್ ಹಿಲ್.

ಒಂದು ದಿನ ಮಗನ ಕಾಗದ ಬಂತು. 'ನಾನು ಕ್ಷೇಮ' ಎಂದಿತ್ತು. ನಾವೆಲ್ಲ ಸಂತೋಷಪಟ್ಟೆವು. ತಾಯಿ ಮಾತ್ರ ತಾರೀಖು ತೋರಿಸಿದರು. ಹತ್ತು ದಿನ ಹಿಂದಿನದು. "ಅವತ್ತು ಕ್ಷೇಮವಾಗಿದ್ದ ಸ್ವಾಮಿ. ಇವತ್ತು?"

"ಭಯ ಬೇಡಮ್ಮ, ಅಯ್ಯಪ್ಪನ ಮೇಲೆ ನಂಬಿಕೆ ಇಡಿ" ಎಂದರು ಯಾರೋ. ಆಕೆ ಅತ್ತುಬಿಟ್ಟರು. "ಹಾಗಾದರೆ ನನಗೆ ನಂಬಿಕೆ ಇಲ್ಲ ಅಂತಲಾ?"

ಗುರುಸ್ವಾಮಿಗಳು ಹತ್ತಿರ ಬಂದು ಕೂತರು. "ಅಮ್ಮಾ, ಪಂದಳದ ರಾಜಶೇಖರ ಮಹಾರಾಜನನ್ನು ನೆನೆಸಿಕೊಳ್ಳಿ" ಎಂದರು.

ಕಥೆ ನಮಗೆಲ್ಲ ಗೊತ್ತು. ರಾಣಿಯ ತಲೆನೋವಿಗೆ ಹುಲಿಯ ಹಾಲು ತರಲು ಹನ್ನೆರಡು ವರ್ಷದ ಮಣಿಕಂಠ ಕಾಡಿಗೆ ಹೊರಟ. ನಾವು ನೆನೆಯುವುದು ಹುಲಿ ಏರಿ ಬಂದ ಸ್ವಾಮಿಯನ್ನು. ಅವನು ಬರುವವರೆಗೆ ಅರಮನೆಯಲ್ಲಿ ಆ ತಂದೆ ಹೇಗಿದ್ದ ಎಂದು ಕೇಳುವುದಿಲ್ಲ. ಜೊತೆಗೆ ಸೈನಿಕರನ್ನು ಕಳಿಸುತ್ತೇನೆಂದ, ಮಗ ಒಪ್ಪಲಿಲ್ಲ. ಕೊನೆಗೆ ದಾರಿಗೆ ಬುತ್ತಿ, ಮುಕ್ಕಣ್ಣನ ನೆನಪಿಗೆ ಒಂದು ತೆಂಗಿನಕಾಯಿ ಗಂಟು ಕಟ್ಟಿ ಕೊಟ್ಟ. ನಮ್ಮ ಇರುಮುಡಿಯ ಮೂಲ ಆ ಗಂಟೇ ಎನ್ನುತ್ತಾರೆ ಹಿರಿಯರು. ಭಗವಂತನನ್ನೇ ಮಗನಾಗಿ ಪಡೆದವನಿಗೂ ಭಯ ತಪ್ಪಲಿಲ್ಲ. ಅದನ್ನು ಅವನು ಮುಚ್ಚಿಡಲಿಲ್ಲ, ಅದಕ್ಕಾಗಿ ಮಗನನ್ನು ತಡೆಯಲೂ ಇಲ್ಲ. ಗಂಟಿನಲ್ಲಿ ಕಟ್ಟಿ ಕಳಿಸಿದ.

ಅಂದಿನಿಂದ ಆ ತಾಯಿ ದಿನವೂ ಸಂಜೆ ದೀಪ ಹಚ್ಚಿ ಮಗನಿಗೊಂದು ಇನ್‌ಲ್ಯಾಂಡ್ ಲೆಟರ್ ಬರೆದರು. ಭಯ ಹೋಗಲಿಲ್ಲ. ಆದರೆ ಅದಕ್ಕೊಂದು ಕೆಲಸ ಸಿಕ್ಕಿತು. ನಾವು ಸರದಿಯಂತೆ ರಾತ್ರಿ ವಾರ್ತೆಯ ಹೊತ್ತಿಗೆ ಅವರ ಮನೆಗೆ ಹೋಗಿ ಕೂರುತ್ತಿದ್ದೆವು.

ಜುಲೈ 26ಕ್ಕೆ ಯುದ್ಧ ಮುಗಿಯಿತು. ಅವರ ಮಗ ಬಂದ. 527 ಯೋಧರು ಬರಲಿಲ್ಲ. ಆ ಮನೆಗಳ ಪ್ರಾರ್ಥನೆ ಕಡಿಮೆಯಾಗಿತ್ತೇ? ಹಾಗೆನ್ನುವುದು ಪಾಪ. ನನ್ನದನ್ನು ಕಾಪಾಡು, ಆಮೇಲೆ ನಂಬುತ್ತೇನೆ ಎಂದರೆ ಅದು ವ್ಯಾಪಾರ. ಶರಣಾಗತಿಯಲ್ಲಿ ಷರತ್ತಿಲ್ಲ. ಧೈರ್ಯ ಇದ್ದರೆ ಧೈರ್ಯ, ಭಯ ಇದ್ದರೆ ಭಯ, ಇರುವುದನ್ನೇ ಅವನ ಪಾದಕ್ಕೆ ಇಡುವುದು.

ಸ್ವಾಮಿಗಳೇ, ನಮ್ಮಲ್ಲಿ ಅನೇಕರು ಪುಣೆ, ಸಿಕಂದರಾಬಾದ್, ದೆಹಲಿಯ ಕಂಟೋನ್ಮೆಂಟ್‌ಗಳ ಪಕ್ಕದಲ್ಲೇ ಇದ್ದೇವೆ. ಗಡಿಯಲ್ಲಿ ಮಗನೋ ಗಂಡನೋ ಇರುವವರಿಗೆ ಭಯಪಡಬೇಡಿ ಎಂದು ಉಪದೇಶ ಮಾಡಬೇಡಿ. ಹೋಗಿ ಜೊತೆಯಲ್ಲಿ ಕೂತುಕೊಳ್ಳಿ. ಈ ಮಂಡಲದಲ್ಲಿ ಇರುಮುಡಿ ಕಟ್ಟುವಾಗ ಅವರನ್ನೂ ಕರೆಯಿರಿ. ಒಂದು ಹಿಡಿ ಅಕ್ಕಿ ಅವರ ಕೈಯಿಂದ ಬೀಳಲಿ. ಅವರ ಭಾರವನ್ನೂ ನಾವು ತಲೆಯ ಮೇಲೆ ಹೊತ್ತು ಹದಿನೆಂಟು ಮೆಟ್ಟಿಲು ಹತ್ತೋಣ.

ಸ್ವಾಮಿ ಶರಣಂ.