ವೇಗ, ಪ್ರಮಾದ ಮತ್ತು ದಂಡ

ಅತಿವೇಗದ ಚಾಲನೆಯಿಂದ ಯಾರಿಗೂ ಪೆಟ್ಟಾಗದಿದ್ದರೂ ಅದು ತಪ್ಪೇ? ಭಾರತದ ಕಾನೂನೂ ಜೈನ ದರ್ಶನವೂ ಹೌದೆನ್ನುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ, 2019ರ ತಿದ್ದುಪಡಿಯ ನಂತರ, ಅಪಾಯಕಾರಿ ಚಾಲನೆಯ ಮೊದಲ ಅಪರಾಧಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ, 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಅಪಘಾತ ನಡೆದಿರಲೇಬೇಕೆಂದಿಲ್ಲ.

ಉಮಾಸ್ವಾತಿಯ ಜೈನ ಗ್ರಂಥ ತತ್ತ್ವಾರ್ಥಸೂತ್ರ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ, ಗುರುತಿಸುತ್ತದೆ. ಆಚಾರ್ಯ ಅಮೃತಚಂದ್ರರ ಪ್ರಕಾರ ಜೀವಹಾನಿ ಆಗದಿದ್ದರೂ ಎಚ್ಚರ ತಪ್ಪಿದವನಿಗೆ ಹಿಂಸೆಯ ದೋಷ ಅಂಟುತ್ತದೆ. ಮುನಿಗಳು ನೆಲ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯ ತಿರುಳೂ ಈ ಎಚ್ಚರವೇ.

ದಂಡ ಕಟ್ಟಿದರೆ ಕಾನೂನಿನ ಲೆಕ್ಕ ತೀರುತ್ತದೆ. ಮನಸ್ಸಿನ ದೋಷ ಕಳೆಯುವುದು ಪ್ರತಿಕ್ರಮಣದಿಂದ: ತಪ್ಪನ್ನು ಒಪ್ಪಿಕೊಂಡು, ಮತ್ತೆ ಮಾಡದಿರುವುದರಿಂದ.