ಸದ್ದಿಲ್ಲದಿರುವುದೆಲ್ಲ ಶಾಂತಿಯೇ?



ತುಮಕೂರಿನಿಂದ ಪುಣೆ ಹೆದ್ದಾರಿಯಲ್ಲಿ ಹೋಗುವಾಗ ಶಿರಾದಲ್ಲಿ ಸ್ವಲ್ಪ ಹೊತ್ತು ಇಳಿಯಿರಿ. ಲಾರಿಗಳ ಸದ್ದನ್ನು ಹಿಂದೆ ಬಿಟ್ಟು ಹಳೆಯ ಊರಿನೊಳಗೆ ನಡೆದರೆ ಬಿಜಾಪುರದ ಅಧಿಕಾರಿ ಮಲ್ಲಿಕ್ ರಿಹಾನನ ಸಮಾಧಿ ಸಿಗುತ್ತದೆ, ಅದು 1651ರದು. ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿ ನೆರಳು ಹುಡುಕಿಕೊಂಡು ಕುಳಿತೆ. "ಎಷ್ಟು ಶಾಂತಿ!" ಎಂದುಕೊಂಡೆ. ಆಮೇಲೆ ಒಂದು ಪ್ರಶ್ನೆ ಕಾಡತೊಡಗಿತು. ಸದ್ದಿಲ್ಲದ ಜಾಗವೆಲ್ಲ ಶಾಂತಿಯ ಜಾಗವೇ?

ಶಿರಾ ಒಂದು ಕಾಲಕ್ಕೆ ದೊಡ್ಡ ಪಟ್ಟಣ. 1687ರಲ್ಲಿ ಮೊಗಲರು ಅದನ್ನು ತಮ್ಮ ಪ್ರಾಂತ್ಯದ ರಾಜಧಾನಿ ಮಾಡಿಕೊಂಡರು. ಅಲ್ಲಿದ್ದ ಖಾನ್ ಬಾಗ್ ಎಂಬ ತೋಟವೇ ಹೈದರಾಲಿಗೆ ಬೆಂಗಳೂರಿನ ಲಾಲ್‌ಬಾಗಿನ ಕಲ್ಪನೆ ಕೊಟ್ಟಿತೆಂದು ಹೇಳುವುದುಂಟು. ನಂತರ ಮೈಸೂರಿನವರು, ಮರಾಠರು ಈ ಊರಿಗಾಗಿ ಕಾದಾಡಿದರು. ಊರು ಕೈಯಿಂದ ಕೈಗೆ ಹೋಯಿತು. ಕೊನೆಗೆ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಬಳಿ ಗಂಜಾಂ ಪೇಟೆಯನ್ನು ತುಂಬಿಸಲು ಇಲ್ಲಿಂದ 12,000 ಕುಟುಂಬಗಳನ್ನು ಸಾಗಿಸಿದನೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ತೋಟಗಾರನು ಸಸಿಯನ್ನು ಕಿತ್ತು ನೆಡುವುದು ಸಸಿ ಬೆಳೆಯಲೆಂದು. ಮನುಷ್ಯರನ್ನು ಕೇಳದೆ ಕಿತ್ತು ನೆಟ್ಟಾಗ ಬೆಳೆಯುವುದು ನೆಟ್ಟವನ ಪೇಟೆ ಮಾತ್ರ. ನಾನು ಶಾಂತಿ ಎಂದು ಕರೆದದ್ದರಲ್ಲಿ ಒಂದು ಪಾಲು, ಎದ್ದುಹೋದ ಮನೆಗಳು ಬಿಟ್ಟುಹೋದ ನಿಶ್ಶಬ್ದ.

ನಮ್ಮ ಕಥೋಲಿಕ ಕುಟುಂಬಗಳಿಗೆ ಇದು ಅಪರಿಚಿತ ಕಥೆಯಲ್ಲ. 1784ರಲ್ಲಿ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಅದೇ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದನ್ನು ಅಜ್ಜಿಯರು ಇಂದಿಗೂ ಹೇಳುತ್ತಾರೆ. ಆದರೆ ಶಿರಾದ ಮುಸಲ್ಮಾನರೂ ಹಿಂದೂಗಳೂ ಹೀಗೆಯೇ ಬೇರು ಕಿತ್ತುಕೊಂಡವರೆಂಬುದು ನಮಗೆಷ್ಟು ಮಂದಿಗೆ ಗೊತ್ತು? ನಮ್ಮ ನೋವಿನ ನೆನಪು ಇನ್ನೊಬ್ಬರ ನೋವನ್ನು ಕಾಣಿಸಬೇಕು. ಅದು ಹಗೆಯನ್ನು ಮಾತ್ರ ಸಾಕುವುದಾದರೆ ಆ ನೆನಪಿನಿಂದ ನಮಗೇನು ಲಾಭ?

ಈಗ ನಮ್ಮ ಮನೆಗಳಿಗೆ ಬನ್ನಿ. "ನಮ್ಮ ಮನೇಲಿ ಜಗಳ ಅನ್ನೋದೇ ಇಲ್ಲ ಸ್ವಾಮಿ" ಎಂದು ಯಜಮಾನರು ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. ಅಡಿಗೆಮನೆಯ ಬಾಗಿಲಲ್ಲಿ ನಿಂತ ಸೊಸೆ ಮಾತ್ರ ತಲೆ ಎತ್ತುವುದಿಲ್ಲ. ನಾನೂ ಇದಕ್ಕೆ ಹೊರತಲ್ಲ. ಹಿಂದೆ ಒಂದು ಸಭೆಯಲ್ಲಿ ನನ್ನ ತೀರ್ಮಾನವನ್ನು ಹೇಳಿ ಮುಗಿಸಿದಾಗ ಯಾರೂ ತುಟಿ ಬಿಚ್ಚಲಿಲ್ಲ. ಎಲ್ಲರಿಗೂ ಒಪ್ಪಿಗೆ ಎಂದೇ ತಿಳಿದೆ. ಹೊರಗೆ ಬಂದಾಗ ಒಬ್ಬ ಅಜ್ಜಿ ಮೆಲ್ಲಗೆ, "ಕೇಳೋರಿದ್ರೆ ತಾನೆ ಮಾತು, ಸ್ವಾಮಿ" ಎಂದರು. ಆ ಮಾತು ಇಂದಿಗೂ ಚುಚ್ಚುತ್ತದೆ.

ಸಂತ ಅಗಸ್ಟೀನರು ಶಾಂತಿಯ ವಿಷಯ ಬರೆಯುವಾಗ ಅದನ್ನು ಕ್ರಮದೊಡನೆ ಜೋಡಿಸಿದರು. ಪ್ರತಿಯೊಂದಕ್ಕೂ ಸಲ್ಲಬೇಕಾದ ಸ್ಥಾನ ಸಿಕ್ಕಾಗ ಉಂಟಾಗುವ ನೆಮ್ಮದಿ ಅದು. ಹಾಗಾದರೆ ಯಾರನ್ನಾದರೂ ಹೊರಗೆ ಹಾಕಿ, ಇಲ್ಲವೇ ಬಾಯಿ ಮುಚ್ಚಿಸಿ ಪಡೆದ ನಿಶ್ಶಬ್ದ ಎಷ್ಟು ತಂಪಾಗಿದ್ದರೂ ಶಾಂತಿಯಲ್ಲ. ಒಳ್ಳೆಯ ಮೌನವನ್ನು ಗುರುತಿಸುವುದು ಕಷ್ಟವಲ್ಲ. ಅಲ್ಲಿ ಯಾರಾದರೂ ಮಾತನಾಡಬಯಸಿದರೆ ಹೆದರಬೇಕಾಗಿರುವುದಿಲ್ಲ.

ಹಾಗೆಂದು ನೆರಳಿನಲ್ಲಿ ಸುಮ್ಮನೆ ಕೂರುವುದೇ ತಪ್ಪೇ? ಖಂಡಿತ ಅಲ್ಲ. ಗದ್ದಲದಲ್ಲಿ ನನಗೆ ಈ ಪ್ರಶ್ನೆ ಹೊಳೆಯುತ್ತಲೇ ಇರಲಿಲ್ಲ. ಊರಿನ ನಡುವೆ ಯಾರು ಬೇಕಾದರೂ ಕೂರಬಹುದಾದ ಒಂದು ತಣ್ಣನೆಯ ಜಾಗ ನಮಗೆಲ್ಲ ಬೇಕು. ಆದರೆ ಅಲ್ಲಿ ಕುಳಿತಾಗ, ಆದಿಕಾಂಡದಲ್ಲಿ ದೇವರು ಕಾಯಿನನನ್ನು ಅವನ ತಮ್ಮನ ಬಗ್ಗೆ ವಿಚಾರಿಸಿದ್ದನ್ನು ನೆನೆಯಿರಿ. ಇಲ್ಲಿ ಕೇಳಬೇಕಾಗಿದ್ದ ಯಾರ ದನಿ ಕೇಳುತ್ತಿಲ್ಲ?

ಸಂಜೆ ಮನೆಗೆ ಹೋದ ಮೇಲೆ, ಬಹಳ ದಿನದಿಂದ ಮಾತು ಕಡಿಮೆ ಮಾಡಿರುವವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. "ಏನು ಸಮಾಚಾರ?" ಎಂದು ಕೇಳಿ. ಉತ್ತರ ಬರುವವರೆಗೂ ಎದ್ದು ಹೋಗಬೇಡಿ.