ಸೊಪ್ಪಿನ ಔಸ್ದಿ, ಸೂಜಿಮದ್ದು

ಮಂಡ್ಯ, ಮದ್ದೂರು, ಮಳವಳ್ಳಿಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು. ನೀರಿನ ಹಿಂದೆ ಬತ್ತ, ಕಬ್ಬು. ಬತ್ತಕ್ಕೆ ಇಲಿ, ಇಲಿಗೆ ಹಾವು. ಹಾವು ಕಚ್ಚುವುದು ಯಾರಿಗೆ? ಗದ್ದೆ ಯಾರದೇ ಇರಲಿ, ಕಬ್ಬಿನ ತರಗಿನ ನಡುವೆ ಬರಿಗಾಲಲ್ಲಿ ಇಳಿದವರಿಗೆ. ಅವರನ್ನು ಮೊದಲು ಸೊಪ್ಪಿನ ಔಸ್ದಿ ಕೊಡುವವನ ಬಾಗಿಲಿಗೆ ಹೊತ್ತುಕೊಂಡು ಹೋದರೆ, ನಾಲ್ಕಕ್ಷರ ಕಲಿತ ನಾವು ಮೂಢನಂಬಿಕೆ ಅಂದುಬಿಡುತ್ತೇವೆ. ಹಂಗನ್ನೋದು ಸಲೀಸು.

ಆ ಔಸ್ದಿಯವನು ಬಹುಪಾಲು ನಮ್ಮಂಥವನೇ. ಸರಿರಾತ್ರಿ ಕೂಗಿದರೂ ಏಳುತ್ತಾನೆ. ಕಾಲು ಹಿಡಿದು ನೋಡುತ್ತಾನೆ. ಮುಟ್ಟುವ ಕೈ ಎಂಥದ್ದೆಂಬುದು ಮುಟ್ಟಿಸಿಕೊಳ್ಳದೆ ಬೆಳೆದವರಿಗೆ ಗೊತ್ತು. ಮನುಸ್ಮೃತಿಯಾದರೋ ವೈದ್ಯನ ಅನ್ನವನ್ನೇ ಉಣಬಾರದ್ದು ಅಂದಿತು, ಶ್ರಾದ್ಧದ ಪಂಕ್ತಿಯಿಂದ ಅವನನ್ನು ಹೊರಗಿಟ್ಟಿತು. ಅದರ ವಾರಸುದಾರರು ಇವತ್ತು 'ನಮ್ಮ ಪರಂಪರೆಯ ವೈದ್ಯ' ಎಂದು ಎದೆ ತಟ್ಟಿಕೊಂಡರೆ ನಮಗೆ ನಗು ಬರುತ್ತದೆ.

ಆದರೆ ಅಕ್ಕರೆಗೆ ವಿಷ ಇಳಿಯುವುದಿಲ್ಲ. ಔಸ್ದಿಯವನ ಹೆಸರು ಬೆಳೆದದ್ದು ಹೇಗೆ? ಕಚ್ಚುವ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ನಾಗರವೂ ಒಂದೊಂದು ಸಲ ವಿಷ ಬಿಡದೆ ಕಚ್ಚುತ್ತದೆ. ಬದುಕಿದವನು ಊರೆಲ್ಲ ಹೇಳಿಕೊಂಡು ಬರುತ್ತಾನೆ. ಸತ್ತವನು ಏನು ಹೇಳಿಯಾನು? ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದೇ ನಿಲ್ಲಬಹುದು. ಆಸ್ಪತ್ರೆಯಲ್ಲಿ ಚೂರು ರಕ್ತವನ್ನು ಗಾಜಿನ ಕೊಳವೆಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ನೋಡುತ್ತಾರೆ. ಅಂಥವನ ಕಾಲನ್ನು ಇಲ್ಲಿ ಬ್ಲೇಡಿನಲ್ಲಿ ಕೊಯ್ದರೆ ರಕ್ತ ನಿಲ್ಲುವುದಿಲ್ಲ. ಹಗ್ಗ ಬಿಗಿದರೆ ಕಾಲೇ ಹೋಗಬಹುದು. ನೆಲದ ಮೇಲೆ ಮಲಗಿದವರನ್ನು ಕಚ್ಚುವ ಕಟ್ಟುಹಾವಿನದು ಇನ್ನೊಂದು ಬಗೆ. ಗಾಯ ಅಷ್ಟಾಗಿ ನೋಯುವುದೂ ಇಲ್ಲ. ಬೆಳಗಾಗುವುದರೊಳಗೆ ರೆಪ್ಪೆ ಜೋತು ಉಸಿರು ಕಟ್ಟುತ್ತದೆ. ಆಗ ಬೇಕಾದ್ದು ಸೂಜಿಮದ್ದು, ಉಸಿರಾಡಿಸುವ ಯಂತ್ರ. ಸೊಪ್ಪಲ್ಲ.

ಆ ಸೂಜಿಮದ್ದು ಬರುವುದೆಲ್ಲಿಂದ? ಹಾವಿನ ವಿಷವನ್ನು ಕುದುರೆಗೆ ಚೂರುಚೂರೇ ಚುಚ್ಚಿ, ಅದರ ರಕ್ತದಿಂದ ತೆಗೆಯುತ್ತಾರೆ. ವಿಷವನ್ನು ಬಹುಪಾಲು ಒದಗಿಸುವುದು ಚೆನ್ನೈ ಹತ್ತಿರ 1978ರಲ್ಲಿ ಹುಟ್ಟಿದ ಇರುಳರ ಸಹಕಾರ ಸಂಘ. ಮಣ್ಣಿನ ಮೇಲಿನ ಗೆರೆ ನೋಡಿ ಹಾವಿನ ಬಿಲ ಹುಡುಕುವ ಬುಡಕಟ್ಟಿನವರ ವಿದ್ಯೆ ಆ ಶೀಸೆಯೊಳಗಿದೆ. ನಾಟಿಮದ್ದು, ಇಂಗ್ಲಿಷ್ ಮದ್ದು ಎಂದು ಗೆರೆ ಎಳೆಯುವವರು ಇದನ್ನು ಯಾವ ಕಡೆಗಿಡುತ್ತಾರೆ? ಪರೀಕ್ಷೆಗೆ ಒಡ್ಡಿದ್ದರಿಂದಲೇ ಇರುಳರ ವಿದ್ಯೆ ಜೀವ ಉಳಿಸುತ್ತಿದೆ. ನಮ್ಮ ಔಸ್ದಿಯವನ ಸೊಪ್ಪಿಗೂ ಅದೇ ಪರೀಕ್ಷೆ ಇರಲಿ.

ಇನ್ನು 'ಪರ್ಯಾಯ' ಅನ್ನುವ ಮಾತು. ಪೇಟೆಯ ಉಳ್ಳವನು ದುಡ್ಡು ಕೊಟ್ಟು ಮೈಗೆ ಮಣ್ಣು ಬಳಿಸಿಕೊಂಡರೆ ಅದು ಪರ್ಯಾಯ; ಎದೆನೋವು ಬಂದರೆ ಅವನಿಗೆ ದೊಡ್ಡಾಸ್ಪತ್ರೆ ಇದ್ದೇ ಇದೆ. ರಾತ್ರಿ ಗಾಡಿ ಸಿಗದೆ ಸೊಪ್ಪು ಅರೆಸಿಕೊಂಡವನು ಏನನ್ನು ಆರಿಸಿಕೊಂಡ? 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಸಾರಿ, ಆಸ್ಪತ್ರೆಗಳು ಕಡಿತ, ಸಾವುಗಳನ್ನು ವರದಿ ಮಾಡಲೇಬೇಕು ಅಂದಿತು. ಒಳ್ಳೇದು. ದಾರಿಯಲ್ಲೇ ಸತ್ತವನನ್ನು ಯಾರು ಬರೆದುಕೊಳ್ಳುತ್ತಾರೆ?

ಉಳುಕಿಗೆ ಎಣ್ಣೆ ನೀವಲಿ, ನೆಗಡಿಗೆ ಕಷಾಯ ಕೊಡಲಿ, ನಮ್ಮ ತಕರಾರಿಲ್ಲ. ಹಾವು ಕಚ್ಚಿದಾಗ ಮಾತ್ರ ಔಸ್ದಿಯವನೇ, "ಮೊದ್ಲು ಆಸ್ಪತ್ರೆಗೆ ಹಾಕ್ಕೊಂಡ್ ನಡೀರ್ಲಾ, ನಾನೂ ಬತ್ತೀನಿ" ಅಂತ ಗಾಡಿ ಹತ್ತಬೇಕು. ಅವನ ಮಾತನ್ನು ಊರು ಕೇಳುತ್ತದೆ. ಹಂಗೆ ಬಂದವನನ್ನು ಡಾಕ್ಟರು ಗದರಿಸಿ ಆಚೆ ನಿಲ್ಲಿಸದೆ, ಯಾವ ಹಾವು, ಎಷ್ಟೊತ್ತಾಯ್ತು ಎಂದು ಕೂರಿಸಿ ಕೇಳಲಿ.